ಕಲ್ಲಿನ ಒಳಗುಟ್ಟು

ಶಹಾಬಾದಿನ ಫರ್ಸಿ ಪದರ ಪದರವಾಗಿ ಏಳುವ ಸುಣ್ಣಕಲ್ಲು. ಖಣಿಯಲ್ಲಿ ಉಳಿ ಇಟ್ಟು ಬಡಿದು, ಹಾರೆಯಿಂದ ಮೀಟಿದರೆ ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು ಸಿದ್ಧ. ಸೇಡಂ ತಾಲ್ಲೂಕಿನ ಮಳಖೇಡ ಕೋಟೆಗೂ ಈ ಸೀಮೆಯ ಸುಣ್ಣಕಲ್ಲೇ ಆಧಾರ. 1871ರಲ್ಲಿ ಮುಂಬೈ–ಮದ್ರಾಸ್ ರೈಲುದಾರಿ ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲು ಓಡಿತು. ಆಮೇಲೆ ಫರ್ಸಿ ದೂರದ ಊರುಗಳ ಅಂಗಳಕ್ಕೂ ಇಳಿಯಿತು.

ಸಿಮೆಂಟಿನವರು ಬಂದಾಗ ಕಲ್ಲನ್ನು ನೋಡುವ ಕಣ್ಣೇ ಬದಲಾಯಿತು. ನಿಜಾಮರ ಕಾಲದ ಶಹಾಬಾದ್ ಸಿಮೆಂಟ್ ಕಂಪನಿ 1936ರಲ್ಲಿ ಎಸಿಸಿ ಎಂಬ ಸಿಮೆಂಟ್ ಕಂಪನಿಯೊಳಗೆ ಸೇರಿತು. 1968ರಲ್ಲಿ ವಾಡಿ, 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂ, ತೀರ ಈಚೆಗೆ ಚಿತ್ತಾಪುರ, ಚಿಂಚೋಳಿ ಸೀಮೆಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದವು.

ಫರ್ಸಿಗೆ ಪದರ ನೆಟ್ಟಗಿದ್ದರೆ ಸಾಕು. ಸಿಮೆಂಟಿಗೆ ಹಾಗಲ್ಲ; ಸುಣ್ಣ, ಸಿಲಿಕಾ, ಅಲ್ಯುಮಿನಾ, ಕಬ್ಬಿಣ ಇವುಗಳ ಹದ ತಪ್ಪಿದರೆ 1450 ಡಿಗ್ರಿ ಸೆಲ್ಸಿಯಸ್ ಕಾವಿನ ಗೂಡಿನಲ್ಲಿ ಬೆಂದು ಬರುವ ಸಿಮೆಂಟಿನ ಗಟ್ಟಿ ಉಂಡೆ, ಅಂದರೆ ಕ್ಲಿಂಕರ್, ಕೆಡುತ್ತದೆ. ಒಂದೇ ಖಣಿಯಲ್ಲಿ ಒಂದು ಬದಿಯ ಕಲ್ಲು ಇನ್ನೊಂದು ಬದಿಯಂತಿರುವುದಿಲ್ಲ. ಚೂರು ಎತ್ತಿ ಪ್ರಯೋಗಾಲಯಕ್ಕೆ ಒಯ್ದು ಫಲಿತಾಂಶ ಬರುವಷ್ಟರಲ್ಲಿ ಆ ಕಲ್ಲು ಆಗಲೇ ಗಿರಣಿ ಸೇರಿರುತ್ತಿತ್ತು!

ಈ ತೊಡಕಿಗೆ ಉತ್ತರ ಬಂದದ್ದು ಅಣುಬಾಂಬಿನ ಅಂಗಳದಿಂದ. ಫ್ರಾನ್ಸಿನ ಸೋಡರ್ನ್ ಕಂಪನಿ 1962ರಲ್ಲಿ ಹುಟ್ಟಿದ್ದೇ ದೇಶದ ಅಣ್ವಸ್ತ್ರಗಳಿಗೆ ನ್ಯೂಟ್ರಾನ್ ಮೂಲಗಳನ್ನು ಮಾಡಲು. ಅದೇ ವಿದ್ಯೆ ಮುಂದೆ ಸಿಮೆಂಟಿನ ಕಚ್ಚಾ ಮಾಲನ್ನು ಅಳೆಯುವ ಯಂತ್ರವಾಯಿತು. ಬಿಗಿಮುಚ್ಚಿದ ಪುಟ್ಟ ನಳಿಕೆಯೊಳಗೆ ಡ್ಯೂಟೀರಿಯಂ ಅಯಾನುಗಳನ್ನು ಸುಮಾರು ಒಂದು ಲಕ್ಷ ವೋಲ್ಟಿನಲ್ಲಿ ಟ್ರಿಟಿಯಂ ಇರುವ ಗುರಿಗೆ ಅಪ್ಪಳಿಸಿದರೆ, ಸ್ಪಂದಸ್ಪಂದಕ್ಕೂ 14 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ನ್ಯೂಟ್ರಾನುಗಳು ಹೊರಡುತ್ತವೆ. ಅಂದರೆ ಇದು ಕೈಯಳತೆಯ ಕಣ ವೇಗವರ್ಧಕ. ಬೆಲ್ಟಿನ ಮೇಲೆ ಹರಿಯುವ ಕಲ್ಲಿಗೆ ನ್ಯೂಟ್ರಾನು ತಾಗಿದಾಗ ಒಂದೊಂದು ಧಾತುವೂ ತನ್ನದೇ ಗುರುತಿನ ಗಾಮಾ ಕಿರಣ ಸೂಸುತ್ತದೆ. ಕ್ಯಾಲ್ಸಿಯಂ ಯಾವುದು, ಸಿಲಿಕಾನ್ ಯಾವುದು ಎಂದು ಯಂತ್ರ ಅದರಿಂದ ಗುರುತಿಸುತ್ತದೆ.

ಇದೇ ಕೆಲಸಕ್ಕೆ ಕ್ಯಾಲಿಫೋರ್ನಿಯಂ–252 ಐಸೋಟೋಪನ್ನೂ ಬಳಸುತ್ತಾರೆ. ಆದರೆ ಅದರ ಅರ್ಧಾಯು ಬರೀ 2.65 ವರ್ಷ, ಬೆಲ್ಟು ನಿಂತರೂ ಅದು ವಿಕಿರಣ ಸೂಸುವುದನ್ನು ನಿಲ್ಲಿಸದು. ನಳಿಕೆಗೆ ಸ್ವಿಚ್ ಇದೆ. ಆರಿಸಿದರೆ ನ್ಯೂಟ್ರಾನು ನಿಂತಿತು. ದುಬಾರಿ ನಿಜ, ನಳಿಕೆಯೂ ಸವೆಯುತ್ತದೆ, ಹೊಸದು ಹಾಕಬೇಕು. ಆದರೂ ಲೆಕ್ಕ ನಿಮಿಷ ನಿಮಿಷಕ್ಕೂ ಕೈಗೆ ಬರುವುದರಿಂದ, ಸುಣ್ಣ ಕಡಿಮೆ ಇರುವ ಕಲ್ಲನ್ನು ಒಳ್ಳೆಯ ಕಲ್ಲಿಗೆ ಎಷ್ಟು ಬೆರೆಸಬಹುದು ಎಂಬುದನ್ನು ಬೆಲ್ಟು ಓಡುತ್ತಿರುವಾಗಲೇ ತೀರ್ಮಾನಿಸಬಹುದು.