ನೆತ್ತರಿನ ಲೆಕ್ಕ

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿರುವ ಪಾಪಿನಾಯಕನಹಳ್ಳಿಯನ್ನು ಕಾಣದವರು ಈ ಸೀಮೆಯಲ್ಲಿ ವಿರಳ. ಅದಿರಿನ ಲಾರಿಗಳು ಹಗಲಿರುಳು ಅಲ್ಲಿ ಕೆಂಧೂಳೆಬ್ಬಿಸುತ್ತಿದ್ದ 2006ರ ಮಾತು. ಲಾರಿಯಲ್ಲಿ ಕ್ಲೀನರ್ ಆಗಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆಸ್ಪತ್ರೆಯ ಚೀಟಿಯೊಂದನ್ನು ಮುಂದಿಟ್ಟು ಕೇಳಿದ: “ಸಾರ್, ಮುನ್ನೂರ ಹತ್ತು ಅಂತ ಬರ್ದಾರ್ರಿ. ಪಾಸೋ, ಫೇಲೋ?” ಕನ್ನಡ ಪಂಡಿತನಾದ ನನ್ನಲ್ಲಿ ಉತ್ತರವಿರಲಿಲ್ಲ. ಆ ಅಂಕಿಯ ಹಿಂದಿನ ಇತಿಹಾಸವನ್ನು ಅಂದಿನಿಂದ ಓದುತ್ತ ಬಂದೆ. ವಾಚಕರ ಮುಂದೆ ಅದನ್ನೇ ಇಡುತ್ತಿದ್ದೇನೆ.

ಬಿಳಿಯ ರಕ್ತಕಣಗಳಲ್ಲಿ ಹಲವು ಬಗೆ. ಸೂಕ್ಷ್ಮದರ್ಶಕದಲ್ಲಿ ಒಂದೇ ತೆರನಾಗಿ ಕಾಣುವ ಕಣಗಳೂ ಮೈಮೇಲಿನ ಗುರುತುಗಳಿಂದ ಬೇರೆಬೇರೆ. ಒಂದೊಂದು ಗುರುತನ್ನೂ ಆರಿಸಿ ಹಿಡಿಯಬಲ್ಲ ಪ್ರತಿಕಾಯಗಳನ್ನು ತಯಾರಿಸುವ ವಿಧಾನವನ್ನು 1975ರಲ್ಲಿ ಕೇಂಬ್ರಿಜ್ಜಿನ ಕೋಲರ್ ಮತ್ತು ಮಿಲ್‌ಸ್ಟೈನ್ ಕಂಡುಹಿಡಿದರು. ಅವಕ್ಕೆ ಹೊಳೆಯುವ ಬಣ್ಣ ಕಟ್ಟಿ, ಕಣಗಳನ್ನು ಲೇಸರ್ ಬೆಳಕಿನೆದುರು ಸಾಲಾಗಿ ಹಾಯಿಸಿದರೆ ಯಂತ್ರವೇ ಎಣಿಸುತ್ತದೆ. 1981ರಲ್ಲಿ ಏಡ್ಸ್ ಅಮೆರಿಕದಲ್ಲಿ ಬೆಳಕಿಗೆ ಬಂದಾಗ, ರೋಗಿಗಳಲ್ಲಿ ಕ್ಷೀಣಿಸಿದ್ದುದು ಇಂಥ ಒಂದು ಗುರುತಿನ ಕಣಗಳೇ. ಆ ಗುರುತಿನ ಹೆಸರು ಸಿ.ಡಿ. 4. ಎಚ್.ಐ.ವಿ. ವೈರಾಣು ಕಣದೊಳಕ್ಕೆ ಹೊಗುವ ಬಾಗಿಲೂ ಅದೇ ಎಂದು 1984ರಲ್ಲಿ ತಿಳಿಯಿತು.

ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರು ರಕ್ತದಲ್ಲಿ ಈ ಕಣಗಳು ಸಾಮಾನ್ಯವಾಗಿ 500ಕ್ಕೂ ಹೆಚ್ಚು. 200ರ ಕೆಳಗಿಳಿದರೆ ಅಪಾಯಕರ ಸೋಂಕುಗಳು ಮುತ್ತುತ್ತವೆ. 1996ರಲ್ಲಿ ಅಮೆರಿಕದ ಜಾನ್ ಮೆಲ್ಲರ್ಸ್ ಮತ್ತು ಸಂಗಡಿಗರು ಇನ್ನೊಂದು ಅಂಶವನ್ನು ತೋರಿಸಿದರು: ರಕ್ತದಲ್ಲಿ ವೈರಾಣು ಹೆಚ್ಚಿದ್ದಷ್ಟೂ ರೋಗ ಬೇಗ ಬಲಿಯುತ್ತದೆ. ನಮ್ಮ ತುಂಗಭದ್ರಾ ಜಲಾಶಯವನ್ನು ನೆನೆಯಿರಿ. ಅಣೆಕಟ್ಟೆಯಲ್ಲಿ ಉಳಿದಿರುವ ನೀರು ಸಿ.ಡಿ. 4, ಅದು ಬರಿದಾಗುವ ವೇಗವನ್ನು ಹೇಳುವುದು ವೈರಾಣುವಿನ ಪ್ರಮಾಣ. 2024ರ ಆಗಸ್ಟಿನಲ್ಲಿ 19ನೆಯ ಗೇಟು ಕೊಚ್ಚಿಹೋದಾಗ ನಾವು ಎರಡು ಲೆಕ್ಕಗಳನ್ನೂ ಕೇಳುತ್ತಿದ್ದೆವಲ್ಲವೆ?

ಯಂತ್ರವಿಲ್ಲದ ಬಡ ನಾಡುಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಕೆಲಕಾಲ ಸುಲಭದ ದಾರಿಯೊಂದನ್ನು ಸೂಚಿಸಿತ್ತು. ರೋಗಲಕ್ಷಣವಿರುವವರಲ್ಲಿ ಲಿಂಫೋಸೈಟ್ ಕಣಗಳ ಒಟ್ಟು ಸಂಖ್ಯೆ 1200ಕ್ಕಿಂತ ಕೆಳಗಿದ್ದರೆ ಚಿಕಿತ್ಸೆ ಆರಂಭಿಸಬಹುದೆಂದು. ಇದು ಸ್ಥೂಲವಾದ ಅಳತೆ. ಆದರೆ ಏನೂ ಇಲ್ಲದುದಕ್ಕಿಂತ ಮೇಲು.

ಭಾರತ ಸರ್ಕಾರ ಉಚಿತ ಔಷಧವನ್ನು ಆರಂಭಿಸಿದ್ದು 2004ರ ಏಪ್ರಿಲ್ 1ರಂದು. ರೋಗಲಕ್ಷಣವಿಲ್ಲದವರಿಗೆ ಆಗ 200ರ ಗಡಿ. ಅಂದಮೇಲೆ ನನ್ನ ವಿದ್ಯಾರ್ಥಿ ‘ಪಾಸ್’ ಆಗಿದ್ದ. ಹಾಗಾಗಿಯೇ ಔಷಧ ಸಿಗಲಿಲ್ಲ! “ಕೆಲವು ತಿಂಗಳು ಬಿಟ್ಟು ಬಾ” ಎಂದದ್ದು ಅವನ ಕಿವಿಗೆ “ನಿನಗೇನೂ ಆಗಿಲ್ಲ” ಎಂದು ಕೇಳಿಸಿತು. ಎರಡು ವರ್ಷ ಅತ್ತ ಸುಳಿಯಲಿಲ್ಲ. ಮತ್ತೆ ಹೋದಾಗ ಲೆಕ್ಕ ಎಂಬತ್ತು, ಜೊತೆಗೆ ಕ್ಷಯ. ಪುಣ್ಯಕ್ಕೆ ಉಳಿದುಕೊಂಡ.

ಮುಂದೆ ಗಡಿ 350ಕ್ಕೆ, ಆಮೇಲೆ 500ಕ್ಕೆ ಏರಿತು. ಕಾಯದೆ ಕೂಡಲೇ ಔಷಧ ಕೊಡುವುದೇ ಲೇಸೆಂದು 2015ರಲ್ಲಿ ಪ್ರಕಟವಾದ ಸ್ಟಾರ್ಟ್ ಎಂಬ ದೊಡ್ಡ ಪ್ರಯೋಗ ಸಿದ್ಧಪಡಿಸಿತು. 2017ರಿಂದ ನಮ್ಮ ದೇಶದಲ್ಲಿಯೂ ಸೋಂಕು ಖಚಿತವಾದವರೆಲ್ಲರಿಗೂ, ಲೆಕ್ಕ ಎಷ್ಟೇ ಇರಲಿ, ಔಷಧ ಉಂಟು. ಎಣಿಕೆ ವ್ಯರ್ಥವಾಗಿಲ್ಲ; ಯಾರಿಗೆ ಹೆಚ್ಚಿನ ಆರೈಕೆ ತುರ್ತಾಗಿ ಬೇಕೆಂಬುದನ್ನು ಅದು ಇಂದಿಗೂ ತಿಳಿಸುತ್ತದೆ.

ಬಾಗಿಲು ಕಾಯುತ್ತಿದ್ದ ಅಂಕಿ ಈಗ ದಾರಿ ತೋರುವ ಅಂಕಿಯಾಗಿದೆ. ನಿಮ್ಮ ನೆರೆಯಲ್ಲಿ ಯಾರಾದರೂ ಅಂಥ ಚೀಟಿ ಹಿಡಿದು ಬಂದರೆ, ಪಾಸು ಫೇಲಿನ ಮಾತು ಬೇಡ. “ಔಷಧ ಶುರುವಾಯಿತೆ?” ಎಂದು ಕೇಳಿ, ಅದು ನಿಮ್ಮಿಬ್ಬರ ನಡುವೆಯೇ ಉಳಿಯಲಿ.