ಎರಕದೊಳಗಿನ ಗಾಳಿ

ಮಂಗಳೂರಿನಿಂದ ಮಡಿಕೇರಿಗೆ ಹೋಗುವ ರಸ್ತೆ ಸುಳ್ಯವನ್ನು ದಾಟಿ ನಮ್ಮ ಕಲ್ಲುಗುಂಡಿಗೆ ಬರುವ ವೇಳೆಗೆ ಘಟ್ಟದ ಬುಡವನ್ನು ಮುಟ್ಟಿರುತ್ತದೆ. ಮುಂದೆ ಸಂಪಾಜೆಯ ಏರು. ಏರುವ ಬಂಡಿಗೆ ತನ್ನ ಭಾರವೇ ಮೊದಲ ಹೊರೆ. ಹಿಂದಿನ ಎತ್ತಿನ ಗಾಡಿಗೂ ಅಷ್ಟೆ, ಇಂದಿನ ಕಾರಿಗೂ ಅಷ್ಟೆ. ಆ ಭಾರವನ್ನು ಇಳಿಸಲೆಂದು ಕಾರಿನ ಕೆಲವು ಅಂಗಗಳನ್ನು ಮೆಗ್ನೀಸಿಯಮ್ ಮಿಶ್ರಲೋಹದಲ್ಲಿ ಎರಕ ಹೊಯ್ಯುತ್ತಾರೆ. ಬದುಕೆಲ್ಲ ಕನ್ನಡ ಪಾಠ ಹೇಳಿದ ನನಗೆ ಈ ಲೋಹದ ಮಾತೇಕೆಂದು ಕೇಳುಗರು ಕೇಳಬಹುದು. 'ಎರಕ'ವೆಂಬ ಮಾತು ನನ್ನ ಪಾಠದ್ದೂ ಹೌದು. ಹಳಗನ್ನಡದಲ್ಲಿ ಅದಕ್ಕೆ ಹೊಯ್ದ ಲೋಹವೆಂಬ ಅರ್ಥದೊಡನೆ ಪ್ರೀತಿಯೆಂಬ ಅರ್ಥವೂ ಉಂಟು. ಎಡೆಯಿಲ್ಲದೆ ಕೂಡುವುದು ಎರಡಕ್ಕೂ ಸಮಾನ. ಲೋಹದಲ್ಲಿ ಆ ಎಡೆಯನ್ನು ಉಳಿಸುವ ಹಗೆ ಗಾಳಿ. ಎರಕದ ಚರಿತ್ರೆಯೆಂದರೆ ಬಹುಮಟ್ಟಿಗೆ ಗಾಳಿಯನ್ನು ಹೊರಗಟ್ಟಿದ ಚರಿತ್ರೆಯೇ.

ಅದರ ಒಂದು ಹಿರಿಯ ದಾಖಲೆ ಕನ್ನಡನಾಡಿನದೇ. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ (1126-1138) ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ವಿಗ್ರಹದ ಎರಕದ ಕ್ರಮ ವಿವರವಾಗಿ ಬಂದಿದೆ. ಮೊದಲು ಮೇಣದಲ್ಲಿ ಮೂರ್ತಿ. ಅದಕ್ಕೆ ನಾಳಗಳ ಜೋಡಣೆ. ಮೇಲೆ ಹೊಟ್ಟಿನ ಕರಿ, ಸಣ್ಣಗೆ ಕತ್ತರಿಸಿದ ಹತ್ತಿ, ಉಪ್ಪು ಬೆರೆಸಿ ಅರೆದ ಮಣ್ಣಿನ ಲೇಪ. ಒಂದು ನೆರಳಿನಲ್ಲಿ ಒಣಗಿದ ಮೇಲೆ ಇನ್ನೊಂದು. ಕಾಯಿಸಿದಾಗ ಮೇಣ ಕರಗಿ ಹರಿದುಹೋಗುತ್ತದೆ. ಉಳಿದ ಬಯಲಿಗೆ ಲೋಹವನ್ನು ಕಡಿಯದ ಸಣ್ಣ ಧಾರೆಯಾಗಿ, ನಾಳದ ಬಾಯಿಗೆ ಬರುವವರೆಗೆ ಹೊಯ್ಯಬೇಕು. ಈ ಕಟ್ಟಳೆಗಳು ಗಾಳಿಗೆ ದಾರಿ ಮಾಡಿಕೊಡುವ ಬಗೆಯನ್ನು ನೋಡಬೇಕು: ಹತ್ತಿ ಉರಿದೆಡೆಯಲ್ಲಿ ಮಣ್ಣಿಗೆ ಸೂಕ್ಷ್ಮರಂಧ್ರಗಳಾಗುತ್ತವೆ, ಸಣ್ಣ ಧಾರೆಯು ಒಳಗಿನ ಗಾಳಿ ಹೊರಡಲು ಬಿಡುವು ಕೊಡುತ್ತದೆ. ತುಳುನಾಡಿನ ಘಂಟೆಗಳನ್ನೂ ಭೂತದ ಮೊಗಗಳನ್ನೂ ಎರೆದ ಕಂಚುಗಾರರಿಗೆ ಈ ತಾಳ್ಮೆಯೇ ಬಂಡವಾಳ. ಗುಳ್ಳೆ ಉಳಿದ ಘಂಟೆಯ ನಾದ ಶುದ್ಧವಾಗಿರದು.

ಹತ್ತೊಂಬತ್ತನೆಯ ಶತಮಾನ ತಾಳ್ಮೆಯ ಎಡೆಗೆ ವೇಗವನ್ನು ತಂದಿತು. ಲೋಹದ ಅಚ್ಚಿಗೆ ಕರಗಿದ ಲೋಹವನ್ನು ಒತ್ತಿ ತುಂಬುವ ಯಂತ್ರಗಳು ಮೊದಲು ಹುಟ್ಟಿದ್ದು ಪುಸ್ತಕಕ್ಕಾಗಿ ಎಂಬುದು ಸಾಹಿತ್ಯಪ್ರಿಯರಿಗೆ ಸಂತೋಷ ಕೊಡುವ ಸಂಗತಿ. 1838ರಲ್ಲಿ ಅಮೆರಿಕದ ಡೇವಿಡ್ ಬ್ರೂಸ್ ಹಕ್ಕುಪತ್ರ ಪಡೆದ ಯಂತ್ರ ಎರೆಯುತ್ತಿದ್ದುದು ಮುದ್ರಣದ ಅಚ್ಚುಮೊಳೆಗಳನ್ನು. ಅಕ್ಷರಕ್ಕಾಗಿ ಬಂದ ವಿದ್ಯೆ ಮುಂದೆ ಮೋಟಾರು ವಾಹನದ ಕೈಸೇರಿತು. ಇಂದಿನ ಯಂತ್ರದಲ್ಲಿ ಉಕ್ಕಿನ ಅಚ್ಚಿನ ಎರಡು ಹೋಳುಗಳು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ; ಪಿಸ್ಟನ್ ತಳ್ಳಿದ ಲೋಹ ಸೆಕೆಂಡಿನ ಒಂದು ಸಣ್ಣ ಪಾಲಿನಲ್ಲಿ ಒಳಗೆ ನುಗ್ಗುತ್ತದೆ. ಮಣ್ಣಿಗಿದ್ದ ರಂಧ್ರ ಉಕ್ಕಿಗಿಲ್ಲ. ಗಾಳಿಗೆ ಹೊರಡಲು ಹೊತ್ತೂ ಇಲ್ಲ. ಅದು ಲೋಹದಲ್ಲಿಯೇ ಸೆರೆಯಾಗುತ್ತದೆ.

1808ರಲ್ಲಿ ಲಂಡನ್ನಿನಲ್ಲಿ ಹಂಫ್ರಿ ಡೇವಿ ಬೇರ್ಪಡಿಸಿದ ಮೆಗ್ನೀಸಿಯಮ್ ನೀರಿಗಿಂತ 1.74 ಪಟ್ಟು ಮಾತ್ರ ಭಾರ. ಕಬ್ಬಿಣವೋ ಸುಮಾರು 7.9 ಪಟ್ಟು. ಸೋಮೇಶ್ವರನು ಮೇಣವನ್ನು ತೂಗಿಸಿ, ಬೆಳ್ಳಿಯಾದರೆ ಅದರ ಹನ್ನೆರಡು ಪಾಲು, ಚಿನ್ನವಾದರೆ ಹದಿನಾರು ಪಾಲು ಎಂದು ಲೆಕ್ಕ ಕೊಡುತ್ತಾನೆ. ಅದೇ ತಕ್ಕಡಿಯಲ್ಲಿ ಮೆಗ್ನೀಸಿಯಮ್ಮಿಗೆ ಎರಡು ಪಾಲು ಸಾಕು! ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ನಿನ ಕವಚ ಇದರ ಮಿಶ್ರಲೋಹದ್ದಾಗಿತ್ತು. ಇಂದು ಚುಕ್ಕಾಣಿ ಚಕ್ರದ ಒಳಚೌಕಟ್ಟು, ಗೇರುಪೆಟ್ಟಿಗೆಯ ಕವಚ ಮೊದಲಾದವೂ ಇದರಲ್ಲಿ ಆಗುತ್ತವೆ. ಆದರೆ ಕರಗಿದ ಮೆಗ್ನೀಸಿಯಮ್ ಗಾಳಿ ಸೋಕಿದರೆ ಬಿಳಿಯುರಿಯಾಗಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಕುಲುಮೆಯಲ್ಲಿ ಅದರ ಮೇಲೆ ರಕ್ಷಕ ಅನಿಲದ ಹೊದಿಕೆ ಬೇಕು. ಗಾಳಿ ಇದಕ್ಕೆ ಹೊರಗೂ ಹಗೆ, ಒಳಗೂ ಹಗೆ.

ಒಳಗಿನ ಹಗೆ ಬಯಲಾಗುವುದು ಎರಕವನ್ನು ಹದಗೊಳಿಸಲು ಕಾಯಿಸುವಾಗ. ಮೆಗ್ನೀಸಿಯಮ್ ಮತ್ತು ಅಲ್ಯೂಮಿನಿಯಮ್ ಬೆರೆತ ಎರಕದ ಹರಳುಗಳ ನಡುವೆ ಪೆಡಸಾದ ಸಂಯುಕ್ತವೊಂದು ಹೆಪ್ಪುಗಟ್ಟಿರುತ್ತದೆ. ಸುಮಾರು 410 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ಗಂಟೆ ಇಟ್ಟರೆ ಅದು ಲೋಹದಲ್ಲಿ ಲೀನವಾಗುತ್ತದೆ. ಬೇಗನೆ ತಣಿಸಿ, ಮತ್ತೆ 170 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದರೆ ನವುರಾದ ಕಣಗಳಾಗಿ ಹರಡಿ ಲೋಹಕ್ಕೆ ಬಲ ಕೊಡುತ್ತದೆ. ಆದರೆ ಅದೇ ಶಾಖಕ್ಕೆ ಸೆರೆಯಲ್ಲಿದ್ದ ಗಾಳಿಯೂ ಹಿಗ್ಗುತ್ತದೆ; ಮೆತ್ತಗಾದ ಮೈಯಲ್ಲಿ ಬೊಕ್ಕೆಗಳೇಳುತ್ತವೆ. ಹೀಗಾಗಿ ಒತ್ತಿ ಎರೆದ ಅಂಗಗಳನ್ನು ಸಾಮಾನ್ಯವಾಗಿ ಹೀಗೆ ಕಾಯಿಸುತ್ತಿರಲಿಲ್ಲ. ನಿರ್ವಾತ ಎರಕ ಇದಕ್ಕೊಂದು ಪರಿಹಾರ. ಲೋಹ ನುಗ್ಗುವ ಮೊದಲೇ ಪಂಪು ಅಚ್ಚಿನ ಗಾಳಿಯನ್ನು ಹೀರುತ್ತದೆ. ಉತ್ತಮ ಯಂತ್ರಗಳಲ್ಲಿ ಒಳಗಿನ ಒತ್ತಡ ಹೊರಗಿನದರ ಇಪ್ಪತ್ತನೆಯ ಒಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಲೋಹ ಬಂದು ಮುಟ್ಟುವ ಮುನ್ನ ಹೀರುವ ಬಾಯಿ ಮುಚ್ಚಿಕೊಳ್ಳಬೇಕು. ತಡವಾದರೆ ಲೋಹವೇ ಅಲ್ಲಿ ಹೆಪ್ಪುಗಟ್ಟೀತು. ಸೋಮೇಶ್ವರನ ಸಣ್ಣ ಧಾರೆ ಕೊಟ್ಟ ಬಿಡುವನ್ನು ಇಲ್ಲಿ ಪಂಪು ಕೊಡುತ್ತದೆ.

ಘಟ್ಟದ ತಿರುವಿನಲ್ಲಿ ಚುಕ್ಕಾಣಿ ಹಿಡಿದವನ ಜೀವ ಕಣ್ಣಿಗೆ ಕಾಣದ ಒಂದು ಗುಳ್ಳೆಯ ಮೇಲೆ ನಿಂತಿರಬಹುದು. ಇಷ್ಟು ದೊಡ್ಡ ಹೊಣೆ ಹೊತ್ತ ವಿದ್ಯೆಯನ್ನು ಕಲಿಸುವ ಮಾತೂ ಹಗುರವಾಗಿರಲಾಗದು. ಒಬ್ಬ ಚಕ್ರವರ್ತಿ ಎರಕದ ಮಣ್ಣಿನ ಹದವನ್ನು ಬರೆದಿಡುವುದು ತನ್ನ ಘನತೆಗೆ ಕುಂದೆಂದು ಎಣಿಸಲಿಲ್ಲ. ಎರಕ, ಅಚ್ಚು, ಮೂಸೆ, ಕುಲುಮೆ, ಹದ - ಮಾತುಗಳೆಲ್ಲ ಕನ್ನಡದಲ್ಲಿ ಸಿದ್ಧವಾಗಿವೆ. ಐ.ಟಿ.ಐ. ಮುಗಿಸಿ ಕಾರ್ಖಾನೆಗೆ ಹೊರಡುವ ನಮ್ಮೂರ ಹುಡುಗನ ಚೀಲದಲ್ಲಿ, ಆ ಮಾತುಗಳಲ್ಲಿಯೇ ಇದನ್ನೆಲ್ಲ ತಿಳಿಯಹೇಳುವ ಒಂದು ಪುಸ್ತಕವಿರಬೇಕು. ಅದನ್ನು ಬರೆಯುವುದು ಎಂಜಿನಿಯರರ ಕೆಲಸ ಎಷ್ಟೋ ಅಷ್ಟೇ ನಮ್ಮಂಥ ಕನ್ನಡ ಮೇಷ್ಟರುಗಳ ಕೆಲಸವೂ ಹೌದು.