ಹೆಸರುಳಿದ ಮೃಗಗಳು

ಬೇಸಿಗೆಯ ರಜೆ ಬಂದಿತೆಂದರೆ ಮನೆಗಳಲ್ಲಿ ಮಕ್ಕಳ ಕೋಲಾಹಲ ಹೇಳತೀರದು. ಹಗಲೆಲ್ಲ ಬಿಸಿಲಿಗಂಜಿ ಒಳಗೆ ಕುಳಿತವರನ್ನು ಸಂಜೆ ಕೆರೆಯ ಏರಿಯವರೆಗೆ ತಿರುಗಾಡಿಸಿಕೊಂಡು ಬರುವುದು ಹಿರಿಯರಿಗೂ ಹಿತವೇ. ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ಲಿನ ಕಡೆಯ ಸೀಮೆ ಇಂತಹ ತಿರುಗಾಟಕ್ಕೆ ಒಪ್ಪುವಂಥದು: ಬೋಳುಬಂಡೆಯ ಗುಡ್ಡ, ಕುರುಚಲು, ಹುಣಸೆಮರಗಳು, ಬತ್ತಿದ ಕೆರೆಯಂಗಳ. ಅಲ್ಲಿ ನೋಡುವುದಕ್ಕೆ ಏನಿದೆ, ಮೃಗಗಳನ್ನು ಕಾಣಬೇಕಾದರೆ ಬಂಡೀಪುರಕ್ಕೇ ಹೋಗಬೇಕಲ್ಲವೆ ಎಂದು ತಾವು ಕೇಳಬಹುದು. ನಮ್ಮ ತರಗತಿಯ ಮಕ್ಕಳೂ ಹಾಗೆಯೇ ಕೇಳುತ್ತಾರೆ. ಜಿರಾಫೆಯ ಚಿತ್ರವನ್ನು ನೋಡದೆಯೇ ಬರೆಯಬಲ್ಲ ಹುಡುಗನಿಗೆ ತನ್ನೂರಿನ ಬಯಲಿನ ಮೃಗಗಳ ಹೆಸರು ಬಾರದು. ಆದರೆ ಈ ಬಯಲಿಗೂ ಒಂದು ಚರಿತ್ರೆಯುಂಟು; ಅದರಲ್ಲಿ ಮನುಷ್ಯನೊಬ್ಬನೇ ಪಾತ್ರಧಾರಿಯಲ್ಲ.

ಮೊದಲು ಕಲ್ಲುಗಳನ್ನು ನೋಡೋಣ. ಹಳೆಯ ಕೋಲಾರ ಜಿಲ್ಲೆಯಲ್ಲಿ (ಚಿಕ್ಕಬಳ್ಳಾಪುರವು ಅದರಿಂದ ಬೇರೆಯಾದದ್ದು 2007ರಲ್ಲಿ) ವೀರಗಲ್ಲುಗಳಿಗೆ ಕೊರತೆಯಿಲ್ಲ. ಬಿ. ಎಲ್. ರೈಸ್ ಅವರು ಈ ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಹೊರತಂದರು. ತುರುಗಳನ್ನು ಬಿಡಿಸಲು ಹೋಗಿ ಮಡಿದವರ ಕಲ್ಲುಗಳು ನಮಗೆ ಪರಿಚಿತ; ಹುಲಿಯೊಡನೆ, ಹಂದಿಯೊಡನೆ ಕಾದಿ ಸತ್ತವರಿಗೂ ನಮ್ಮ ನಾಡಿನಲ್ಲಿ ಕಲ್ಲುಗಳಿವೆ. ಇವುಗಳಲ್ಲೆಲ್ಲ ವಿಚಿತ್ರವಾದುದು ಮದ್ದೂರು ತಾಲ್ಲೂಕಿನ ಆತಕೂರಿನದು. ಕ್ರಿ.ಶ. 949-50ರ ಈ ಶಾಸನವು ತಕ್ಕೋಲದ ಯುದ್ಧದಂತಹ ದೊಡ್ಡ ಸಂಗತಿಯನ್ನು ಹೇಳುತ್ತಲೇ ಒಂದು ನಾಯಿಯ ಸಾವನ್ನೂ ಹೇಳುತ್ತದೆ. ಮಣಲೇರನೆಂಬ ವೀರನ ಪರಾಕ್ರಮಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡು ಎಂದನಂತೆ. ಆತನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಬೇಡಿದ. ಆ ಕಾಳಿಯನ್ನು ಬೆಳತೂರಿನ ಗುಡ್ಡದ ಬಳಿ ಮಹಾವರಾಹವೊಂದರ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಬಿದ್ದವು. ಮಣಲೇರನು ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟನು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೂ ಹಂದಿಯೂ ಸೆಣಸುತ್ತಿರುವ ಶಿಲ್ಪವನ್ನು ಮಕ್ಕಳಿಗೆ ಒಮ್ಮೆ ತೋರಿಸಿರಿ, ರಾಜರ ಇಸವಿಗಳನ್ನು ಆಮೇಲೆ ಕಲಿಸಬಹುದು.

ಕಲ್ಲಿನಂತೆ ಮಾತೂ ಒಂದು ದಾಖಲೆಯೇ. ಪುಲಿ ಹುಲಿಯಾದಂತೆ, ಪಂದಿ ಹಂದಿಯಾದಂತೆ, ಹಳಗನ್ನಡದ ಪುಲ್ಲೆ ನಮ್ಮ ಹುಲ್ಲೆಯಾಯಿತು. ಹುಲ್ಲೆಯನ್ನು ಅಟ್ಟಿ ಹಿಡಿಯುತ್ತಿದ್ದ ಬಯಲಿನ ಮೃಗಕ್ಕೆ ಸಿವಂಗಿಯೆಂದು ಹೆಸರು. 1867ರಲ್ಲಿ ಜರ್ಡನ್ನನು ಭಾರತದ ಸಸ್ತನಿಗಳ ಬಗ್ಗೆ ಬರೆದ ಗ್ರಂಥದಲ್ಲಿ ಈ ಕನ್ನಡದ ಹೆಸರನ್ನೂ ಸೇರಿಸಿದ್ದಾನೆ. ಅದಕ್ಕೂ ಏಳು ಶತಮಾನಗಳ ಹಿಂದೆ, ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ, ಪಳಗಿಸಿದ ಸಿವಂಗಿಯನ್ನು ಬಿಟ್ಟು ಹುಲ್ಲೆಗಳನ್ನು ಬೇಟೆಯಾಡುವ ಕ್ರಮವನ್ನು ವರ್ಣಿಸಿದ್ದ. 1947ರಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದಲ್ಲಿ ಮೂರು ಸಿವಂಗಿಗಳು ಗುಂಡಿಗೆ ಬಿದ್ದವು. 1952ರಲ್ಲಿ ಸರ್ಕಾರವು ಆ ಮೃಗವು ದೇಶದಲ್ಲಿ ಅಳಿಯಿತೆಂದು ಸಾರಿತು. 2022ರಲ್ಲಿ ನಮೀಬಿಯದಿಂದ ಅದರ ಬಂಧುಗಳನ್ನು ವಿಮಾನದಲ್ಲಿ ತಂದು ಕುನೋದಲ್ಲಿ ಬಿಟ್ಟಾಗ ನಮ್ಮ ಪತ್ರಿಕೆಗಳು ಬಹುಮಟ್ಟಿಗೆ ಚೀತಾ ಎಂದೇ ಬರೆದವು. ಸಿವಂಗಿ ಹೋದ ಮೇಲೆ ಹೆಸರಾದರೂ ಉಳಿದಿತ್ತು. ಅದೂ ಈಗ ನಿಘಂಟಿನ ಪಾಲು!

ಸಿವಂಗಿಯನ್ನು ಕೋವಿ ಕೊಂದಿತೆಂದು ಹೇಳಿ ಮುಗಿಸಿಬಿಡುವುದು ಸುಲಭ. ಬಯಲಿನ ಪಶುಪಕ್ಷಿಗಳಿಗೆ ಕೋವಿಗಿಂತ ಹೆಚ್ಚಿನ ಕೇಡು ತಂದುದು ಒಂದು ಶಬ್ದವೆಂದು ನನ್ನ ಅಭಿಪ್ರಾಯ. ಕಂದಾಯದ ದಫ್ತರಗಳಲ್ಲಿ ಉಳಲು ಬಾರದ ನೆಲಕ್ಕೆ ಖರಾಬು ಎಂದು ಬರೆಯುತ್ತಾರೆ. ಖರಾಬು ಎಂದ ಮೇಲೆ ಅದಕ್ಕೆ ದಿಕ್ಕುಂಟೆ? 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರ ಜಿಲ್ಲೆಯ ತುಂಬ ನೀಲಗಿರಿ ಗಿಡಗಳು ಎದ್ದವು. ಬಂಡೆಗಳಿಗೆ ಕ್ವಾರಿಯ ಸಿಡಿಮದ್ದು ಬಿತ್ತು. 1972ರ ವನ್ಯಜೀವಿ ಕಾಯಿದೆಯು ಹುಲ್ಲೆಯನ್ನು ಕೊಲ್ಲಬಾರದೆಂದಿತು, ಸರಿ. ಹುಲ್ಲುಗಾವಲೇ ಇಲ್ಲದ ಮೇಲೆ ಹುಲ್ಲೆ ಮೇಯುವುದೆಲ್ಲಿ? ಗೌರಿಬಿದನೂರಿನಿಂದಾಚೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಅದಕ್ಕೊಂದು ನೆಲೆ ಉಳಿದಿದೆ. 2007ರಲ್ಲಿ 798 ಎಕರೆ ಬಯಲನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲೆಂದು ಘೋಷಿಸಿದರು. ಕಪ್ಪು ಬೆನ್ನಿನ, ತಿರುಚಿದ ಕೊಂಬಿನ ಗಂಡುಹುಲ್ಲೆ ನೆಗೆಯುವುದನ್ನು ಒಮ್ಮೆ ಕಂಡ ಮಗುವಿಗೆ ಪುಲ್ಲೆ ಎಂಬ ಶಬ್ದದ ಅರ್ಥವನ್ನು ಮತ್ತೆ ಹೇಳಬೇಕಾಗಿಲ್ಲ.

ಮನೆಯ ಹತ್ತಿರ ಉಳಿದಿರುವುದು ಇನ್ನು ಮೊಲ, ಮುಂಗುಸಿ, ನವಿಲು, ಗೌಜಲಹಕ್ಕಿ, ಅದೃಷ್ಟವಿದ್ದರೆ ನರಿ. ಮಂಡಿಕಲ್ಲಿನ ಕಡೆ ಅನೇಕ ಮನೆಗಳಲ್ಲಿ ತೆಲುಗು ನುಡಿಯುವುದರಿಂದ ಮಕ್ಕಳಿಗೆ ಒಂದೊಂದಕ್ಕೂ ಎರಡು ಹೆಸರು ದಕ್ಕುತ್ತದೆ: ಮೊಲ ಕುಂದೇಲು, ನರಿ ನಕ್ಕ, ಉಡ ಉಡುಮು. ಎರಡನ್ನೂ ಹೇಳಿಸಿರಿ. ಕೆರೆಯಂಗಳದಲ್ಲಿ ನಿಮ್ಮ ತಲೆಯ ಮೇಲೆಯೇ ಕಿರಿಚುತ್ತ ಹಾರುವ ಹಕ್ಕಿಯೊಂದುಂಟು. ಕಣ್ಣಿನ ಮುಂದೆ ಕೆಂಪು ತೊಗಲು, ಹಳದಿಯ ನೀಳವಾದ ಕಾಲು. ಪಂಚತಂತ್ರದಲ್ಲಿ ಸಮುದ್ರದ ಮೇಲೆಯೇ ಹಗೆ ಸಾಧಿಸಿದ ಟಿಟ್ಟಿಭ ಇದೇ. ಅದು ಗೂಡು ಕಟ್ಟದೆ ಬರಿಯ ನೆಲದ ಮೇಲೆ, ಬೇಸಿಗೆಯಲ್ಲಿಯೇ, ಕಲ್ಲುಹರಳುಗಳಂತೆ ತೋರುವ ಮೊಟ್ಟೆಗಳನ್ನಿಡುತ್ತದೆ. ಕೂಗು ಜೋರಾದಷ್ಟೂ ಮೊಟ್ಟೆಗಳು ನಿಮ್ಮ ಕಾಲಿಗೆ ಹತ್ತಿರವಾಗಿವೆಯೆಂದು ತಿಳಿಯಿರಿ. ಮಕ್ಕಳನ್ನು ನಿಲ್ಲಿಸಿ, ಬಂದ ಹೆಜ್ಜೆಯಲ್ಲಿಯೇ ಹಿಂದಿರುಗಿರಿ.

ಕತ್ತಲಾಗುತ್ತಲೇ ಬಾವಲಿಗಳು ಹೊರಡುತ್ತವೆ. ಮಕ್ಕಳು ಹೆದರಿದರೆ ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಮಾತು ಹೇಳಿರಿ. ಅಲ್ಲಿಯ ಬಂಡೆಯ ಗುಹೆಯ ಪುಟ್ಟ ಬಾವಲಿಯೊಂದು ಹೊಸ ಜಾತಿಯದೆಂದು 1994ರಲ್ಲಿ ವಿದ್ವಾಂಸರು ಬರೆದರು. ಲೋಕದಲ್ಲಿ ಬೇರೆಲ್ಲಿಯೂ ಅದರ ನೆಲೆ ತಿಳಿದಿಲ್ಲ. ಅದಕ್ಕೆ ಕೋಲಾರದ ಹೆಸರನ್ನೇ ಇಟ್ಟಿದ್ದಾರೆ.